ಗಿಟಾರಿನ ಬೈಪಾಸ್

ನಿನ್ನೆ ಬೆಳಿಗ್ಗೆ ಬನ್ನಂಜೆಯ ನಮ್ಮ ಮನೆಯಲ್ಲಿ ಮಿಕ್ಸಿಯ ಪ್ಲಗ್ಗು ಸಡಿಲವಾಗಿ ಗುಂಯ್ ಎಂದಿತು. ಚಟ್ನಿಗೆ ಕಾದು ನಿಂತಿದ್ದ ನನಗೆ ಕಾರ್ಕಳದ ಒಂದು ಮೆಹಂದಿ ಮನೆ ನೆನಪಾಯಿತು. ನೆನಪು ಎಂದೆನೇ? ಮಣಿಪಾಲದಲ್ಲಿ ಓದಿ ಬಂದ ಒಂದು ಕಾಯಿಲೆ ನನಗುಂಟು: ಆಧಾರವಿಲ್ಲದೆ ಯಾವುದನ್ನೂ ನಂಬುವುದಿಲ್ಲ, ನನ್ನ ನೆನಪನ್ನಂತೂ ಸುತರಾಂ ಇಲ್ಲ. ನೀವೂ ಸ್ವಲ್ಪ ಸಂಶಯ ಇಟ್ಟುಕೊಂಡೇ ಕೇಳಿ.

ಮದುಮಗಳು ನನ್ನ ಕಾಲೇಜು ದಿನಗಳ ರೂಮ್‌ಮೇಟ್ ಪ್ರಕಾಶನ ಅಕ್ಕ. ಪ್ರಕಾಶನ ಎಲೆಕ್ಟ್ರಿಕ್ ಗಿಟಾರು ಅವನ ಅಪ್ಪ ಶೀನಣ್ಣನಿಗೆ ಕಂಡರಾಗದು. ಕೊನೆಗೆ ಒಂದು ರಾಜಿಯಾಗಿತ್ತು. "ಮೆಹಂದಿಯ ದಿನ ನೆಂಟರ ಎದುರು ಒಂದು ಪದ್ಯ ಪೂರ್ತಿ ಬಾರಿಸು. ಬಾರಿಸಿದರೆ ಇಟ್ಟುಕೋ, ಇಲ್ಲದಿದ್ದರೆ ಮಾರಿಬಿಡು." ಅವರು ಹೇಳಿದ್ದು ತುಳುವಿನಲ್ಲಿ. ನನ್ನ ನೆನಪಿನಲ್ಲಿ ಮಾತ್ರ ಅವರು ಅಚ್ಚುಕಟ್ಟಾದ ಕನ್ನಡ ಮಾತಾಡುತ್ತಾರೆ. ನನ್ನ ಸಂಶಯ ಶುರುವಾಗುವುದು ಅಲ್ಲಿಂದಲೇ.

ಹೆದರಿದ ಪ್ರಕಾಶ ಕಾಪುವಿನ ಗೆಳೆಯ ರಿಜ್ವಾನನಿಂದ ಎಫೆಕ್ಟ್ಸ್ ಪ್ರೊಸೆಸರ್ ಎಂಬ ಪೆಟ್ಟಿಗೆಯನ್ನು ಕೇಳಿ ತಂದ. ಗಿಟಾರಿನ ಸ್ವರ ಅದರೊಳಗೆ ಹೊಕ್ಕು, ಗುಡುಗೋ ಗುಹೆಯ ಮಾರ್ದನಿಯೋ ಆಗಿ, ಆಂಪ್ಲಿಫೈಯರಿನಿಂದ ಹೊರಬರಬೇಕು. ಬಾರಿಸುವವನ ತಪ್ಪುಗಳು ಆ ಗುಡುಗಿನಲ್ಲಿ ಮುಚ್ಚಿಹೋಗುತ್ತವೆ ಎಂಬುದು ನಮ್ಮ ಲೆಕ್ಕ.

ಸಂಜೆ ಚಪ್ಪರದಲ್ಲಿ ಎಲ್ಲ ಜೋಡಿಸಿದೆವು. ಸದ್ದೇ ಇಲ್ಲ. ಗಿಟಾರಿನ ವೈರನ್ನು ಪೆಟ್ಟಿಗೆಯ 'ಔಟ್‌ಪುಟ್' ತೂತಿಗೆ ಹಾಕಿದ್ದೆವು. ತರ್ಕ ನನ್ನದು: ಸ್ವರ ಗಿಟಾರಿನಿಂದ ಹೊರಗೆ ಬರುತ್ತದೆ, ಆದ್ದರಿಂದ ಔಟ್‌ಪುಟ್. ಪರೀಕ್ಷೆಯಲ್ಲಿ ಇಂಥದ್ದಕ್ಕೆ ನನಗೆ ಅಂಕ ಸಿಗುತ್ತಿತ್ತು.

ನಾನು ರಿಜ್ವಾನನಿಗೆ ಫೋನ್ ಮಾಡಿದೆ. ಅವನ ಅಂಗಡಿ ಹೆದ್ದಾರಿಯ ಬದಿಯಲ್ಲಿ. ಬಸ್ಸುಗಳ ಹಾರನ್ನಿನ ನಡುವೆ ಕಿರುಚದೆ ವಿಧಿಯಿಲ್ಲ.

"ಒಳಗೆ ಹೋಗುವುದು ಹೋಗ್ತಾ ಉಂಟು, ಹೊರಗೆ ಬರುವುದು ಬರ್ತಾ ಇಲ್ಲ ಮಾರಾಯ!"

ಅವನು ಹೇಳಿದಂತೆ ವೈರುಗಳನ್ನು ಅದಲು ಬದಲು ಮಾಡಿದೆವು. ಸ್ವರ ಬಂತು, ಆದರೆ ಬೋಳು ಸ್ವರ. ಗುಡುಗಿಲ್ಲ.

"ಎಂತ? ಬೈಪಾಸಾ? ಈಗಲೇ ನೋಡಬೇಕಾ?" ಎಂದು ನಾನು ಫೋನಿನಲ್ಲಿ ಮತ್ತೆ ಕಿರುಚಿದೆ.

ಪೆಟ್ಟಿಗೆ ಏನೂ ಮಾಡದೆ ಸ್ವರವನ್ನು ಇದ್ದ ಹಾಗೆಯೇ ದಾಟಿಸಿಬಿಡುವುದಕ್ಕೆ ಬೈಪಾಸ್ ಎನ್ನುತ್ತಾರಂತೆ. ನಮಗೇ ಆಗಷ್ಟೇ ತಿಳಿದದ್ದು; ಹಿಂದೆ ನಿಂತಿದ್ದ ಶೀನಣ್ಣನ ತಂಗಿ ಗಿರಿಜತ್ತೆಗೆ ಹೇಗೆ ತಿಳಿಯಬೇಕು? ನಮ್ಮ ಕಡೆ ಬೈಪಾಸ್ ಎಂದರೆ ಒಂದೋ ರಸ್ತೆ, ಇಲ್ಲವೇ ಎದೆಯ ಆಪರೇಷನ್ನು. ರಸ್ತೆಯ ವಿಷಯಕ್ಕೆ ಯಾರೂ ಹಾಗೆ ಕಿರುಚುವುದಿಲ್ಲ. ಅಣ್ಣ ಸುಸ್ತೆಂದು ಒಳಗೆ ಹೋಗಿ ಮಲಗಿದ್ದನ್ನು ಬೇರೆ ಅವರು ನೋಡಿದ್ದರು.

"ಅಯ್ಯೋ ಅಣ್ಣಾ!" ಎಂದು ಅತ್ತೆ ಓಡಿದರು. ಮೆಹಂದಿ ಹಚ್ಚಿಕೊಂಡಿದ್ದ ಹೆಂಗಸರೆಲ್ಲ ಪೊಲೀಸರಿಗೆ ಶರಣಾದವರಂತೆ ಕೈ ಮೇಲೆತ್ತಿಕೊಂಡು ಹಿಂದೆ ಓಡಿದರು. ಉಚ್ಚಿಲದಿಂದ ಹೊರಟಿದ್ದ ನೆಂಟರು ಸುದ್ದಿ ಕೇಳಿ ಅರ್ಧ ದಾರಿಯಲ್ಲಿ ಕಾರು ತಿರುಗಿಸಿ, ಮಣಿಪಾಲದ ಆಸ್ಪತ್ರೆಯ ಬಾಗಿಲಲ್ಲಿ ಕಾದು ನಿಂತರು.

ಶೀನಣ್ಣ ಬನಿಯನ್ನಿನಲ್ಲೇ ಹೊರಗೆ ಬಂದರು. "ಯಾರಿಗೆ ಬೈಪಾಸ್?"

"ಗಿಟಾರಿಗೆ," ಎಂದೆ.

"ಅದಕ್ಕೆ ಎದೆಯೂ ಉಂಟಾ?" ಎಂದು ಎದುರಿನ ಕುರ್ಚಿಯಲ್ಲಿ ಕುಳಿತರು. "ಹ್ಞೂಂ, ಬಾರಿಸು."

ಬೈಪಾಸ್ ತೆಗೆಯುವ ಗುಂಡಿ ಒತ್ತಲು ಪ್ರಕಾಶನಿಗೆ ಧೈರ್ಯ ಬರಲಿಲ್ಲ. ಬೋಳು ಸ್ವರದಲ್ಲೇ ಬಾರಿಸಿದ. ಯಾವ ಪದ್ಯ ಎಂದು ಕೇಳಬೇಡಿ, ಒಬ್ಬೊಬ್ಬ ನೆಂಟರು ಒಂದೊಂದು ಹೇಳುತ್ತಾರೆ. ನಡುವೆ ತಪ್ಪಿದ, ನಿಲ್ಲಿಸಲಿಲ್ಲ. ಶೀನಣ್ಣ ಕೊನೆಯ ತನಕ ಕದಲಲಿಲ್ಲ. "ಇಟ್ಟುಕೋ," ಎಂದರು. "ಆ ಪೆಟ್ಟಿಗೆ ಮಾತ್ರ ರಿಜ್ವಾನನಿಗೆ ವಾಪಸು ಕೊಡು."

ಇದನ್ನು ಎಷ್ಟೋ ಕಡೆ ಹೇಳಿ ಜನರನ್ನು ನಗಿಸಿದ್ದೇನೆ. ನಿನ್ನೆ ಯಾಕೋ ಸಂಶಯ ಬಂದು ಪ್ರಕಾಶನಿಗೆ ಫೋನ್ ಮಾಡಿದೆ.

"ಅವತ್ತು ಫೋನಿನಲ್ಲಿ ಕಿರುಚಿದ್ದು ನಾನು ಮಾರಾಯ," ಎಂದ. "ನೀನು ನೆಲದಲ್ಲಿ ಕೂತು ವೈರ್ ಹಿಡಿದುಕೊಂಡಿದ್ದೆ, ಅಷ್ಟೇ."

ನಾನು ಇಷ್ಟು ವರ್ಷ ಆಡಿದ ಮುಖ್ಯ ಪಾತ್ರ ಕೈಬಿಟ್ಟು ಹೋಯಿತು. ಬಿಡಲು ಮನಸ್ಸಿಲ್ಲದೆ, "ನಿನ್ನ ಅಪ್ಪನನ್ನು ಕೇಳು," ಎಂದೆ. ಫೋನು ಶೀನಣ್ಣನ ಕೈಗೆ ಹೋಯಿತು.

"ಯಾರು ಕಿರುಚಿದ್ದೋ ನೆನಪಿಲ್ಲ. ಆದರೆ ಆಗ ನನಗೆ ಎದೆ ನೋವು ಇದ್ದದ್ದು ಹೌದು."

"ಮತ್ತೆ ಆಗಲೇ ಯಾಕೆ ಹೇಳಲಿಲ್ಲ?" ಎಂದೆ.

"ಹೇಳಿದ್ದರೆ ಮಗಳ ಮೆಹಂದಿ ನಿಲ್ಲುತ್ತಿತ್ತು, ಇವನ ಪದ್ಯವೂ ನಿಲ್ಲುತ್ತಿತ್ತು. ಕುರ್ಚಿ ಗಟ್ಟಿ ಹಿಡಿದು ಕೂತೆ."

"ಮತ್ತೆ ಎಂತ ಆಯ್ತು?"

"ಎಂತ ಇಲ್ಲ, ಗ್ಯಾಸ್. ಆದರೆ ಅದು ಗೊತ್ತಾದದ್ದು ಮರುದಿನ ಅಲ್ವಾ?" ಎಂದು ಶೀನಣ್ಣ ಗಹಗಹಿಸಿ ನಕ್ಕರು.

ಈ ಕಥೆ ಹೇಳಿ ಎಲ್ಲರನ್ನೂ ನಗಿಸಿದವನು ನಾನು. ಈ ಸಲ ನಕ್ಕದ್ದು ಅವರೊಬ್ಬರೇ.