ಮೊದಲ ಫೋಟೋ ತಾರೀಖಿಗೆ

ಬೆಳಗಿನ ಐದೂ ಮುಕ್ಕಾಲು. ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಜನ ಓಡುತ್ತಿದ್ದಾರೆ. ವಾರಿಜಾ ಶೆಟ್ಟಿಗಾರ್ ಮಾತ್ರ ಕಂಬಕ್ಕೆ ಒರಗಿ ನಿಂತು ಅಂಗೈಯಗಲದ ಒಂದು ಕ್ಯಾಮೆರಾ ತೆರೆಯುತ್ತಾರೆ. ಇನ್ನೊಂದು ಕೈಯಲ್ಲಿ ಆಗಷ್ಟೇ ಕೊಂಡ ಕನ್ನಡ ಪತ್ರಿಕೆ. ಪತ್ರಿಕೆಯ ತಲೆಯಲ್ಲಿರುವ ತಾರೀಖು ನೋಡುತ್ತಾರೆ, ಕ್ಯಾಮೆರಾದ ತಾರೀಖು ನೋಡುತ್ತಾರೆ, ಚೀಲಕ್ಕೆ ಹಾಕುತ್ತಾರೆ. ನಾಲ್ಕು ಹೆಜ್ಜೆ ನಡೆದು ಮತ್ತೆ ತೆಗೆಯುತ್ತಾರೆ. ಕಲ್ಯಾಣದ ಲೋಕಲ್ ಬರುವಷ್ಟರಲ್ಲಿ ಇದು ಮೂರು ಸಲ ನಡೆಯುತ್ತದೆ.

"ನಿನಗಿದು ಒಂದು ರೋಗ ಅಂತ ನಮ್ಮ ಇವರು ಹೇಳ್ತಾರೆ. ಆಗ್ಲಿ ಮಾರಾಯ್ರೆ, ಈ ರೋಗ ವಾಸಿ ಆಗುವುದೇ ಬೇಡ," ಎನ್ನುತ್ತಾರೆ ಅವರು. ನಗುತ್ತಾರೆ, ಆದರೆ ಇವತ್ತು ಆ ನಗು ತುಟಿಯಿಂದ ಮೇಲೆ ಹೋಗುವುದಿಲ್ಲ. ಇವತ್ತು ಅವರು ಹೊರಟಿರುವುದು ಭಿವಂಡಿಯ ಮೋಮಿನ್ ಚಾಚಾ ಅವರ ಮಗ್ಗದ ಶೆಡ್ಡಿಗೆ. ಮೂರು ವರ್ಷಗಳಿಂದ ಮುಖ ತೋರಿಸಲು ಅಂಜಿದ ಜಾಗ ಅದು.

ವಾರಿಜಾ ಅವರಿಗೆ ಈಗ ಐವತ್ತನಾಲ್ಕು. ನೀರು ನುಗ್ಗಿದ ಗೋದಾಮು, ಸುಟ್ಟ ಮಗ್ಗ, ಕುಸಿದ ಚಾವಣಿ, ಇವುಗಳ ಫೋಟೋ ತೆಗೆಯುವುದು ಅವರ ಕಸುಬು. ವಿಮೆ ಕೇಳಿದವರ ನಷ್ಟವನ್ನು ಪರಿಶೀಲಿಸಿ ಕಂಪನಿಗೆ ವರದಿ ಕೊಡುವ ಸರ್ವೇಯರ್ ರಾಮಚಂದ್ರ ಅವರೊಂದಿಗೆ ಹದಿನಾಲ್ಕು ವರ್ಷಗಳಿಂದ ಅಲೆಯುತ್ತಿದ್ದಾರೆ. ಮೈಸೂರಿನ ರಾಮಚಂದ್ರರಿಗೆ ಮೊಣಕಾಲು ನೋವು. ಅವರು ಕೆಳಗೆ ಕುರ್ಚಿಯಲ್ಲಿ ಕುಳಿತು ಕಾಗದ ನೋಡಿದರೆ, ಸೀರೆಯ ಸೆರಗು ಸಿಕ್ಕಿಸಿ ಅಟ್ಟ ಹತ್ತುವವರು ವಾರಿಜಾ. ಕಳೆದ ವಾರ ಮಾಜಿವಾಡಾದಲ್ಲಿ ನೀರು ತುಂಬಿದ ನೆಲಮಾಳಿಗೆ, ಸೀವುಡ್ಸ್‌ನಲ್ಲಿ ಚಾವಣಿ ಉದುರಿದ ಬಟ್ಟೆ ಅಂಗಡಿ, ಭಿವಂಡಿಯಲ್ಲಿ ಎರಡು ಶೆಡ್ಡು. ಒಂದು ಶೆಡ್ಡಿಗೆ ನೂರೆಂಬತ್ತಕ್ಕೆ ಕಡಿಮೆಯಿಲ್ಲದಷ್ಟು ಫೋಟೋ. ಮನೆಯಲ್ಲಿ ಕೂತು ಊಟ ಮಾಡಿದ್ದು ಭಾನುವಾರ ಒಂದೇ.

ಇಷ್ಟೆಲ್ಲ ಕೆಲಸಕ್ಕೆ ಈ ಪುಟ್ಟ ಡಬ್ಬಿ ಸಾಕೇ ಎಂದು ಕೇಳದವರಿಲ್ಲ. ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದಾಗಲಂತೂ "ವಾರಿಜಕ್ಕ, ದೊಡ್ಡ ಕ್ಯಾಮೆರಾ ರಿಪೇರಿಗೆ ಕೊಟ್ಟದ್ದಾ?" ಎಂದು ಯಾರಾದರೂ ಕಾಲೆಳೆಯುತ್ತಾರೆ. ಅವರ ಉತ್ತರ ಸಿದ್ಧ: "ದೊಡ್ಡ ಕ್ಯಾಮೆರಾದ ಲೆನ್ಸ್ ಒಮ್ಮೆ ಬಿಚ್ಚಿದ್ರೆ ಮಗ್ಗದ ಹತ್ತಿ ಪುಡಿ ಪೂರಾ ಒಳಗೆ. ಇದರಲ್ಲಿ ಬಿಚ್ಚಲಿಕ್ಕೆ ಎಂತದೂ ಇಲ್ಲ. ಎರಡು ಮೂಟೆಯ ಸಂದಿಯಲ್ಲಿ ಕೈ ತೂರಿಸಿ ಹಿಂದಿನ ಗೋಡೆ ತೆಗೀಬಹುದು. ಮತ್ತೆ, ದೊಡ್ಡದು ಹಿಡಿದ್ರೆ ಕೆಲಸದವರು ಎಲ್ಲ ಬಿಟ್ಟು ತಲೆ ಬಾಚ್ತಾ ಸಾಲಾಗಿ ನಿಲ್ತಾರೆ. ಇದನ್ನು ನೋಡಿದ್ರೆ ಯಾರೋ ನೆಂಟರು ಬಂದಿದ್ದಾರೆ ಅಂತ ಅಂದ್ಕೊಳ್ತಾರೆ!"

ಅವರ ಕಣ್ಣಿಗೂ ಒಂದು ಹಿನ್ನೆಲೆಯಿದೆ. ಕಿನ್ನಿಗೋಳಿಯಲ್ಲಿ ಅಪ್ಪ ಕೈಮಗ್ಗದ ಸೀರೆ ನೇಯುತ್ತಿದ್ದರು. ಯಾವ ಬಟ್ಟೆಯ ಥಾನು ಒಣಗಿಸಿದರೆ ಉಳಿದೀತು, ಯಾವುದಕ್ಕೆ ಕಲೆ ಇಳಿದಾಗಿದೆ ಎಂಬುದು ವಾರಿಜಾ ಅವರಿಗೆ ನೋಡಿದೊಡನೆ ತಿಳಿಯುತ್ತದೆ. ಫೋಟೋ ತೆಗೆಯುವುದನ್ನು ಕಲಿಸಿದವರು ಗಂಡ ಶೇಖರ. ಕಲ್ಯಾಣದಲ್ಲಿ ಅವರದೊಂದು ಸ್ಟುಡಿಯೋ ಇತ್ತು. ಎಲ್ಲರ ಕೈಗೂ ಫೋನು ಬಂದ ಮೇಲೆ ಅದನ್ನು ಮುಚ್ಚಿ, ಈಗ ಠಾಣೆ ನಗರದ ಹೋಟೆಲೊಂದರ ಕೌಂಟರಿನಲ್ಲಿ ಕೂರುತ್ತಾರೆ. ಸ್ಟುಡಿಯೋದಿಂದ ಮನೆಗೆ ಬಂದದ್ದು ಒಂದು ಪ್ರಿಂಟರು ಮತ್ತು ಈ ಕ್ಯಾಮೆರಾ.

ಮುದಿ ಕ್ಯಾಮೆರಾಕ್ಕೆ ಒಂದು ಕೆಟ್ಟ ಚಾಳಿಯಿದೆ. ಬ್ಯಾಟರಿ ತೆಗೆದ ಕೂಡಲೇ ಅದರ ಗಡಿಯಾರ ಎಲ್ಲ ಮರೆತು 2010ರ ಜನವರಿ ಒಂದಕ್ಕೆ ಹೋಗಿ ಕೂರುತ್ತದೆ. ಹೊಸ ಬ್ಯಾಟರಿ ಹಾಕಿದಾಗ ತಾರೀಖು ಕೇಳುತ್ತದೆ, ಕೊಡಬೇಕು. ನಾಲ್ಕು ವರ್ಷದ ಹಿಂದೆ, ಮಳೆಗಾಲದ ಒಂದು ಬೆಳಿಗ್ಗೆ, ಕಲ್ಯಾಣದ ಪ್ಲಾಟ್‌ಫಾರ್ಮಿನ ನೂಕುನುಗ್ಗಲಲ್ಲಿ ಬ್ಯಾಟರಿ ಬದಲಿಸಿದ ವಾರಿಜಾ, ಅದು ಕೇಳಿದ್ದಕ್ಕೆ ಸುಮ್ಮನೆ ಸರಿ ಎಂದು ಒತ್ತಿಬಿಟ್ಟರು. ಮೋಮಿನ್ ಚಾಚಾ ಅವರ ಶೆಡ್ಡಿನಲ್ಲಿ ಮೊಣಕಾಲುದ್ದ ನೀರು. ಇನ್ನೂರು ಫೋಟೋ ತೆಗೆದರು. ಇನ್ನೂರರ ಮೂಲೆಯಲ್ಲೂ ಹಳೆಯ ಜನವರಿ ಒಂದು. ತಪ್ಪು ಕಣ್ಣಿಗೆ ಬೀಳುವ ಹೊತ್ತಿಗೆ ಚಾಚಾ, ನೆಂದು ನಾತ ಹೊಡೆಯುತ್ತಿದ್ದ ಬಟ್ಟೆಯನ್ನೆಲ್ಲ ಸಾಗಿಸಿಯಾಗಿತ್ತು.

ಆ ಸಂಜೆ ಶೇಖರ ಕಂಪ್ಯೂಟರಿನ ಮುಂದೆ ಕುಳಿತು ಹೇಳಿದ ಮಾತು ವಾರಿಜಾ ಅವರಿಗೆ ಬಾಯಿಪಾಠವಾಗಿದೆ.

"ಎರಡು ನಿಮಿಷದ ಕೆಲಸ ಮಾರಾಯ್ತಿ. ತಾರೀಖು ಅಳಿಸಿ ಬೇರೆ ಕೂರಿಸ್ತೇನೆ. ದೇವರಿಗೂ ಗೊತ್ತಾಗುವುದಿಲ್ಲ."

"ನೀರು ಬಂದದ್ದು ನಿಜ, ಫೋಟೋ ನಿಜ. ತಾರೀಖು ಮಾತ್ರ ಸುಳ್ಳು. ಅದನ್ನು ತಿದ್ದಿದ್ರೆ ಮತ್ತೆ ಯಾವುದು ನಿಜ ಅಂತ ನಾನು ಹೇಳುವುದು?" ಎಂದರು ವಾರಿಜಾ. ತಪ್ಪು ತನ್ನದೇ ಎಂದು ಕೈಯಾರೆ ಬರೆದು ಕೊಟ್ಟರು. ರಾಮಚಂದ್ರ ಅದನ್ನು ವರದಿಗೆ ಲಗತ್ತಿಸಿದರು. ಕಂಪನಿಯವರಿಗೆ ಅನುಮಾನ ಹತ್ತಿತು, ವಿಚಾರಣೆ ಒಂದು ವರ್ಷ ಎಳೆಯಿತು, ಕೊನೆಗೆ ಚಾಚಾಗೆ ಸಿಕ್ಕಿದ್ದು ಕೇಳಿದ್ದರ ಕಾಲುಭಾಗ. ಆರು ಮಗ್ಗ ನಿಂತವು.

ಕ್ಷಮೆ ಕೇಳಲು ಹೋದವರಿಗೆ ಚಾಚಾ ಬಾಗಿಲಲ್ಲೇ ಹೇಳಿದ್ದರು: "ಆಪ್‌ಕಾ ಈಮಾನ್ ಬಚ್ ಗಯಾ, ಬಹೆನ್‌ಜಿ. ಮೇರಾ ಮಾಲ್ ಗಯಾ." ನಿಮ್ಮ ಪ್ರಾಮಾಣಿಕತೆಯೇನೋ ಉಳಿಯಿತು, ಹೋದದ್ದು ನನ್ನ ಸರಕು. "ತಿದ್ದದೇ ಇದ್ದದ್ದು ಸರಿಯಾ ಅಂತ ಕೇಳಿದ್ರೆ ಸರಿ. ನಿದ್ದೆ ಬರ್ತದಾ ಅಂತ ಕೇಳಿದ್ರೆ ಇಲ್ಲ," ಎನ್ನುತ್ತಾರೆ ವಾರಿಜಾ.

ಅಂದಿನಿಂದ ಪ್ರತಿ ಕೆಲಸದಲ್ಲೂ ಅವರ ಮೊದಲ ಫೋಟೋ ಅಂದಿನ ಪತ್ರಿಕೆಯದು. ಕ್ಯಾಮೆರಾ ಕೈಕೊಟ್ಟರೂ ಪತ್ರಿಕೆ ಸಾಕ್ಷಿ ಹೇಳಬೇಕು. ಭಿವಂಡಿಯ ಮಗ್ಗದವರು ಅವರಿಗೆ 'ಅಖಬಾರ್‌ವಾಲಿ', ಪತ್ರಿಕೆಯವಳು, ಎಂದೇ ಹೆಸರಿಟ್ಟಿದ್ದಾರೆ.

ನಿನ್ನೆ ರಾಮಚಂದ್ರರ ಫೋನು ಬಂತು. ಮೊನ್ನೆಯ ಗಾಳಿಮಳೆಗೆ ಮೋಮಿನ್ ಶೆಡ್ಡಿನ ಸಿಮೆಂಟ್ ಶೀಟು ಹಾರಿಹೋಗಿದೆ. "ನೋಡಮ್ಮ, ನಿನಗೆ ಕಷ್ಟ ಅನ್ನೋದಾದ್ರೆ ಬೇರೆಯವರನ್ನ ಕರ್ಕೊಂಡು ಹೋಗ್ತೀನಿ."

"ಬೇಡ ಸರ್. ನಾನೇ ಬರ್ತೇನೆ. ಅವರು ಒಳಗೆ ಬಿಡದಿದ್ರೆ ಕ್ಯಾಮೆರಾ ನಿಮ್ಮ ಕೈಗೆ ಕೊಟ್ಟು ಹೊರಗೆ ನಿಲ್ತೇನೆ."

ಕಲ್ಯಾಣದಲ್ಲಿ ಇಳಿದು ಷೇರ್ ರಿಕ್ಷಾ ಹಿಡಿಯುವಾಗ ಮಳೆ ಜಡಿಯುತ್ತಿದೆ. ದುರ್ಗಾಡಿ ಸೇತುವೆಯ ಮೇಲೆ ಟ್ರಾಫಿಕ್ಕು. ಅಂಚಿನಲ್ಲಿ ಕುಳಿತ ವಾರಿಜಾ ಕ್ಯಾಮೆರಾವನ್ನು ಎದೆಗವಚಿಕೊಂಡಿದ್ದಾರೆ. ಕಾಲು ಒಂದೇ ಸಮನೆ ಕುಣಿಯುತ್ತಿದೆ. "ಚಾಚಾ ಬೈದ್ರೆ ಪರವಾಗಿಲ್ಲ. ಸುಮ್ಮನೆ ನೋಡಿದ್ರೆ ಏನು ಮಾಡುವುದು?"

ಶೆಡ್ಡಿನ ಬಾಗಿಲಲ್ಲಿ ಚಾಚಾ ಸುಮ್ಮನೆ ನೋಡುತ್ತಾರೆ. ಎಪ್ಪತ್ತರ ಆಸುಪಾಸಿನ ವಯಸ್ಸು, ಮಡಚಿದ ಲುಂಗಿ, ಕೈಯಲ್ಲಿ ಚಹಾದ ಗ್ಲಾಸು. ಆಗಲೇ ಬಂದು ಕುಳಿತಿದ್ದ ರಾಮಚಂದ್ರ ಗಂಟಲು ಸರಿಮಾಡಿಕೊಳ್ಳುತ್ತಾರೆ. ವಾರಿಜಾ ತಲೆ ತಗ್ಗಿಸಿಕೊಂಡೇ ಚೀಲದಿಂದ ಪತ್ರಿಕೆ ತೆಗೆಯುತ್ತಾರೆ. ಅದು ನೆಂದು ಮುದ್ದೆಯಾಗಿದೆ. ತಾರೀಖಿದ್ದ ಜಾಗ ಬೆರಳಿಗೆ ಕಿತ್ತು ಬರುತ್ತದೆ. ಕ್ಯಾಮೆರಾದ ತಾರೀಖು ಸರಿಯಿದೆ, ಆದರೆ ಅದೊಂದನ್ನೇ ನಂಬುವ ಧೈರ್ಯ ಅವರಿಗಿಲ್ಲ. ಇದು ಬೇರೆ ಯಾವ ಶೆಡ್ಡಿನಲ್ಲಾದರೂ ಆಗಬಹುದಿತ್ತು.

ಚಾಚಾ ಗ್ಲಾಸು ಕೆಳಗಿಟ್ಟು ಒಳಗೆ ಹೋಗುತ್ತಾರೆ. ಬಾಗಿಲು ಹಾಕಲು ಹೋದರೆಂದೇ ವಾರಿಜಾ ಭಾವಿಸುತ್ತಾರೆ. ಮರಳಿ ಬಂದ ಚಾಚಾ ಅವರ ಕೈಯಲ್ಲಿ ಇಸ್ತ್ರಿ ಮಾಡಿದಷ್ಟು ನೀಟಾದ ಅಂದಿನ ಉರ್ದು ಪತ್ರಿಕೆ. ಮುರಿದ ಚಾವಣಿಯ ಬೆಳಕಿಗೆ ಬಂದು ನಿಂತು, ಪತ್ರಿಕೆಯನ್ನು ಎದೆಯ ಮೇಲೆ ಬಿಡಿಸಿ, ತಾರೀಖಿನ ಕೆಳಗೆ ಬೆರಳಿಡುತ್ತಾರೆ.

"ಪೆಹಲೇ ಏ ಲೇ ಲೋ," ಮೊದಲು ಇದನ್ನು ತೆಗೀರಿ ಎನ್ನುತ್ತಾರೆ. "ಸುಬಹ್ ಸೇ ಸಂಭಾಲ್ ಕೇ ರಖ್ಖಾ ಹೈ."

ಬೆಳಿಗ್ಗೆಯಿಂದ ಅದನ್ನು ಜೋಪಾನ ಮಾಡಿ ಇಟ್ಟಿದ್ದರಂತೆ. ವಾರಿಜಾ ಅವರಿಗೆ ಉರ್ದು ಓದಲು ಬಾರದು, ಅಂಕಿ ಮಾತ್ರ ತಿಳಿಯುತ್ತದೆ. ಕಣ್ಣೊರೆಸಿಕೊಂಡು, ಎರಡು ಸಲ ಹೊಂದಿಸಿ ನೋಡಿ, ಒತ್ತುತ್ತಾರೆ. ಆಮೇಲೆ ಸೆರಗು ಸಿಕ್ಕಿಸಿ ಏಣಿ ಹತ್ತಿದವರು ಇಳಿಯುವುದು ಇನ್ನೂರ ಹನ್ನೊಂದು ಫೋಟೋಗಳ ಬಳಿಕ.

ಮರಳುವ ರಿಕ್ಷಾಕ್ಕೆ ಕಾಯುತ್ತಾ ಅವರು ಗಂಡನಿಗೆ ಫೋನು ಮಾಡುತ್ತಾರೆ. "ಇಷ್ಟು ವರ್ಷ ನಾನು ತೆಗೆದದ್ದೆಲ್ಲ ಒದ್ದೆ, ಸುಟ್ಟದ್ದು, ಮುರಿದದ್ದು. ಒಂದೂ ಗೋಡೆಗೆ ಹಾಕುವಂಥದ್ದಲ್ಲ. ಇವತ್ತು ಒಂದು ಸಿಕ್ಕಿದೆ. ಸಂಜೆ ಪ್ರಿಂಟ್ ತೆಗೆದುಕೊಡಿ, ಆಯ್ತಾ?"

ಆ ಕಡೆಯಿಂದ ಶೇಖರ ಏನೋ ಕೇಳುತ್ತಾರೆ.

"ಹೌದು, ದೊಡ್ಡದೇ ಇರಲಿ," ಎನ್ನುತ್ತಾರೆ ವಾರಿಜಾ. "ಮೂಲೆಯ ತಾರೀಖು ಮಾತ್ರ ಕತ್ತರಿಸ್ಬೇಡಿ."