ಲಂಗದ ನೆರಳಲ್ಲಿ ಕಂಡ ಕಿಡಿ

ಇವತ್ತು ಬೆಳಗ್ಗೆ ಇವರು ಅಂಗಳದಲ್ಲಿ ಬೈಕಿನ ಪ್ಲಗ್ ಬಿಚ್ಚಿ ಒರೆಸುತ್ತಿದ್ದರು. ಪೆಟ್ರೋಲ್ ವಾಸನೆ ಒಳಗೆ ಬಂತು. ನಿದ್ದೆಯಿಲ್ಲದೆ ಕಣ್ಣು ಉರಿಯುತ್ತಿತ್ತು, ಮಗು ಮಡಿಲಲ್ಲಿ ಮಲಗಿತ್ತು. ನನ್ನ ಮನಸ್ಸು ಮಾತ್ರ ತಾಯಲೂರು ರಸ್ತೆಯ ಏರಿಗೆ ಹೋಗಿ ನಿಂತಿತು.

ನಾನು ಚಿಕ್ಕವಳಿದ್ದಾಗ ಒಂದು ದಿನ ಎಳೆಯ ತಮ್ಮನಿಗೆ ಜ್ವರ ಏರಿ ಮೈ ಸೆಟೆದುಕೊಂಡಿತ್ತು. ಮುಳಬಾಗಿಲಿನ ಆಸ್ಪತ್ರೆಗೆಂದು ಎಲ್ಲರೂ ಅಪ್ಪನ ಮೊಪೆಡ್ ಹತ್ತಿದ್ದೆವು. ಏರು ಬರುತ್ತಲೇ ಅದು ಎಳೆಯಲಾರದೆ ಕೆಮ್ಮಿ ನಿಂತುಬಿಟ್ಟಿತು.

"ಪ್ಲಗ್ಗಿಗೆ ಮಸಿ ಕಟ್ಟಿದೆ ಕಣೇ, ಈಗ ಸರಿಮಾಡ್ತೀನಿ" ಎಂದು ಅಪ್ಪ ಅದನ್ನು ಬಿಚ್ಚಿ ಉಪ್ಪುಕಾಗದದಿಂದ ಉಜ್ಜಿದ. ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿ ಪೆಡಲ್ ತಿರುಗಿಸಿದ. ಬಿಸಿಲಿನಲ್ಲಿ ಕಿಡಿ ಕಾಣಲಿಲ್ಲ.

"ಲಂಗ ಅಡ್ಡ ಹಿಡಿ ಪುಟ್ಟಿ. ಇವತ್ತು ನೀನೇ ಎಂಜಿನಿಯರಮ್ಮ!"

ನನಗೆ ನಗು ಬಂತು. ನಮ್ಮ ಹಿಂದೆ ಹುಣಸೆಮರದಡಿ ತಮ್ಮನನ್ನು ಅವುಚಿಕೊಂಡು ಕೂತಿದ್ದ ಅಮ್ಮ "ಬೇಗ ರೀ, ಬೇಗ" ಎನ್ನುತ್ತಲೇ ಇದ್ದಳು. ಅವಳು ಯಾವಾಗ ಸುಮ್ಮನಾದಳೋ, ನಾವಿಬ್ಬರೂ ಗಮನಿಸಲಿಲ್ಲ.

"ಬಂತಪ್ಪಾ! ನೀಲಿ ಕಿಡಿ!" ಎಂದು ಕುಣಿದೆ. ಪ್ಲಗ್ ಹಾಕಿ ತುಳಿಯುತ್ತಲೇ ಎಂಜಿನ್ ಶುರುವಾಯಿತು. ಅಪ್ಪ ಗೆದ್ದವನಂತೆ ತಿರುಗಿ, "ಬಾರೇ, ಹತ್ತು!" ಎಂದ.

ಅಮ್ಮ ತಮ್ಮನ ಮುಖದ ಮೇಲೆ ಸೆರಗು ಎಳೆದಿದ್ದಳು.

"ಇನ್ನೇನೂ ಅವಸರ ಇಲ್ಲ ರೀ. ಮನೆಗೇ ಹೋಗಣ."

ಅಪ್ಪ ಎಂಜಿನ್ ಆರಿಸಲಿಲ್ಲ. ಬಹಳ ಹೊತ್ತು ಅದು ಒಂದಿಷ್ಟೂ ತಡವರಿಸದೆ ಓಡುತ್ತಲೇ ಇತ್ತು.

ಅಂಗಳದಲ್ಲಿ ಬೈಕ್ ಸ್ಟಾರ್ಟ್ ಆಯಿತು. "ನೋಡೇ, ಸರಿಹೋಯ್ತು!" ಎಂದು ಇವರು ಕೂಗಿದರು. ನಾನು ಮಗುವಿನ ಮೂಗಿನ ಕೆಳಗೆ ಬೆರಳಿಟ್ಟು, ಉಸಿರು ಬೆಚ್ಚಗೆ ತಾಗಿದ ಮೇಲೆ "ಹೂಂ" ಎಂದೆ.