ಪುಸ್ತಕದಲ್ಲಿಲ್ಲದ ದೋಣಿ

ದೀಪಾವಳಿ ಮುಗಿದ ಮರುವಾರ ಕಲಘಟಗಿಯಿಂದ ಬೆಳಿಗ್ಗೆ ಆರೂವರೆಗೆ ಕಾರವಾರದ ಬಸ್ಸು ಹತ್ತಿದೆ. ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾದ್ದರಿಂದ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟ. ನಾನು ಶಾಲೆಯಲ್ಲಿ ಗಣಿತ ಕಲಿಸುವವಳು. ಜೂನ್ ತಿಂಗಳಲ್ಲಿ ಹೆಡ್‌ಮಾಸ್ತರರು ಗ್ರಂಥಾಲಯದ ಕೀಲಿಯನ್ನೂ ನನ್ನ ಕೈಗೆ ಕೊಟ್ಟಿದ್ದರು. ಅಂದಿನಿಂದ ಒಂದು ಮಗುವೂ ತಾನಾಗಿ ಬಂದು ಪುಸ್ತಕ ಕೇಳಿರಲಿಲ್ಲ. ಶಿಕ್ಷಕರು ಆ ಕೋಣೆಗೆ ಬರುತ್ತಿದ್ದುದು ಚಹಾ ಕುಡಿಯಲು. ಮಕ್ಕಳು ಓದುವ ಶಾಲೆ ಹೇಗಿರುತ್ತದೆಂದು ಕಣ್ಣಾರೆ ನೋಡಿಬರಲು ರಜೆ ಹಾಕಿ ಹೊರಟಿದ್ದೆ.

ಅರಬೈಲ್ ಘಟ್ಟ ಇಳಿಯುವಷ್ಟರಲ್ಲಿ ಸ್ವೆಟರ್ ಬಿಚ್ಚಬೇಕಾಯಿತು. ಕಾರವಾರ ತಲುಪಿದಾಗ ಹನ್ನೊಂದು ದಾಟಿತ್ತು, ಬೆವರು ಇಳಿಯುತ್ತಿತ್ತು. ಡಿ.ಎಡ್. ಓದುವಾಗಿನ ಗೆಳತಿ ಸುನಂದಾ ಅಲ್ಲಿಯ ಕೋಡಿಬಾಗ ಬಡಾವಣೆಯಲ್ಲಿ ಕಾಯುತ್ತಿದ್ದಳು. ಬನ್ಸು, ಭಾಜಿ ತಿನ್ನಿಸಿ ತನ್ನ ಶಾಲೆಗೆ ಕರೆದೊಯ್ದಳು. ಅಲ್ಲಿ ವಾರಕ್ಕೆರಡು ಓದುವ ಪಿರಿಯಡ್. ಮಕ್ಕಳ ಜೊತೆ ಶಿಕ್ಷಕರೂ ಚಾಪೆಯ ಮೇಲೆ ಕೂತು ಸದ್ದಿಲ್ಲದೆ ಓದುತ್ತಿದ್ದರು. ನಾನು ನಾಲ್ಕು ಪುಟ ಬರೆದುಕೊಂಡೆ.

"ಇಲ್ಲಿ ನಾವು ಕೂರಿಸಿ ಓದಿಸ್ತೇವೆ ಮಾರಾಯ್ತಿ," ಎಂದಳು ಸುನಂದಾ. "ಅಂಕೋಲೆ ಹತ್ರ ಬೆಳಂಬಾರದ ಕಡೆ ಒಂದು ಚಿಕ್ಕ ಶಾಲೆ ಇದೆ. ಅಲ್ಲಿ ಮಕ್ಕಳು ಪುಸ್ತಕಕ್ಕೆ ಜಗಳಾಡ್ತಾರಂತೆ. ಯಾಕೆ ಅಂತ ನಂಗೂ ತಿಳೀಲಿಲ್ಲ."

ಮರುದಿನ ಅಂಕೋಲೆಗೆ ಬಂದು, ಅಲ್ಲಿಂದ ಐದಾರು ಕಿಲೋಮೀಟರು ಆಟೋದಲ್ಲಿ ಹೋದೆ. ಶಾಲೆಯ ಜಗುಲಿಯಲ್ಲಿ ಒಂದು ಕಪಾಟು, ಅದೇ ಗ್ರಂಥಾಲಯ. ನೋಡಿಕೊಳ್ಳುವವರು ಶಿಕ್ಷಕಿ ನಾಗವೇಣಿ, ಮಕ್ಕಳ ಬಾಯಲ್ಲಿ ಅಕ್ಕೋರು. ಊಟವಾದ ಮೇಲೆ ಅವರು ಆರನೇ ತರಗತಿಯ ಮಾನಸಾಳನ್ನು ಕರೆದರು. ಎರಡು ಜಡೆಯ ಸಪೂರ ಹುಡುಗಿ. ಹಿಂದಿನ ದಿನ ಮನೆಗೊಯ್ದ ಪುಸ್ತಕವನ್ನು ಎದೆಗೊತ್ತಿಕೊಂಡು ಕತೆ ಹೇಳತೊಡಗಿದಳು. ಕೊಡೆ ಕಳೆದುಕೊಂಡ ಆನೆಯೊಂದು ಬೆಳಂಬಾರದ ದಂಡೆಗೆ ಬಂದು ಮೀನುಗಾರರ ದೋಣಿ ಹತ್ತಿತಂತೆ. ದೋಣಿ ವಾಲಿತು ಎನ್ನುವಾಗ ಅವಳೂ ವಾಲಿದಳು. ನಾನು ಕಂಬ ಹಿಡಿದುಕೊಂಡೆ.

"ಸುಳ್ಳು! ಬುಕ್ಕಲ್ಲಿ ದೋಣಿನೇ ಇಲ್ಲ!" ಎಂದು ಒಬ್ಬಳು ಕೂಗಿದಳು. "ದೋಣಿ ಅದೆ!" ಎಂದ ಇನ್ನೊಬ್ಬ. ಪುಸ್ತಕಕ್ಕೆ ನಾಲ್ಕು ಜನ ಮುಗಿಬಿದ್ದರು. ಆಟದ ಮಾಸ್ತರರು ಕನ್ನಡಕ ಹಾಕಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು ಓದಿ, "ದೋಣಿ ಇಲ್ಲ. ಕೆರೆ ಅದೆ" ಎಂದು ತೀರ್ಪು ಕೊಟ್ಟರು.

"ದಿನಾ ಇದೇ ಗಲಾಟೆ," ನಾಗವೇಣಿ ನಕ್ಕರು. "ಮಾನಸಾ ಓದಿದ್ದಕ್ಕೆ ತನ್ನದೂ ಸೇರ್ಸಿ ಹೇಳ್ತದೆ. ಉಳಿದವ್ರು ಹೌದೋ ಅಲ್ವೋ ನೋಡೂಕೆ ಓದ್ತಾರೆ. ನ್ಯಾಯ ಹೇಳೂಕೆ ನಾವೂ ಓದ್ಬೇಕು."

ಮಕ್ಕಳು ಆಟಕ್ಕೆ ಹೋದಾಗ ಮಾನಸಾಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಒಂದು ಪುಟ ಓದವ್ವಾ ಎಂದೆ. ಅವಳು ಚಿತ್ರ ನೋಡಿ ಹೇಳತೊಡಗಿದಳು. ಅಕ್ಷರದ ಮೇಲೆ ಬೆರಳಿಡು ಎಂದೆ. ಬೆರಳು ಎರಡನೆಯ ಪದದಲ್ಲೇ ನಿಂತಿತು.

"ಒತ್ತಕ್ಷರ ಬಂದ್ರೆ ನಂಗೆ ತಿಳೂದಿಲ್ಲ," ಎಂದಳು ಮೆಲ್ಲಗೆ. "ಅಕ್ಕೋರಿಗೆ ಹೇಳ್ಬೇಡಿ. ಹೇಳಿದ್ರೆ ನಂಗೆ ಕತೆ ಹೇಳೂಕೆ ಬಿಡೂದಿಲ್ಲ."

ನಾನು ಹೂಂ ಎಂದುಬಿಟ್ಟೆ.

ಆಮೇಲೆ ತಲೆ ಕೆಟ್ಟುಹೋಯಿತು. ಇಡೀ ಶಾಲೆಯನ್ನು ಓದಿಸುತ್ತಿದ್ದ ಹುಡುಗಿಗೇ ಓದಲು ಬರುತ್ತಿರಲಿಲ್ಲ. ಸುಮ್ಮನಿದ್ದರೆ ಅವಳು ಹೀಗೇ ಏಳನೆಯದಕ್ಕೆ ಹೋಗುತ್ತಾಳೆ. ಹೇಳಿದರೆ ಕತೆ ನಿಲ್ಲಬಹುದು, ಕತೆಯ ಜೊತೆ ಎಲ್ಲರ ಓದೂ. ಊರಿಗೆ ಹೋಗಿ ನಾನು ಹೆಡ್‌ಮಾಸ್ತರರಿಗೆ ಏನೆಂದು ಹೇಳಲಿ? ಸಂಜೆ ಬಸ್ಸಿಗೆಂದು ನಾಗವೇಣಿಯವರ ಜೊತೆ ನಡೆಯುವಾಗ ತಡೆಯಲಾಗದೆ ಹೇಳಿದೆ.

ಅವರು ರಸ್ತೆಯಲ್ಲೇ ನಿಂತರು. ಅವರಿಗೆ ಗೊತ್ತಿರಲಿಲ್ಲ. "ಎರಡು ವರ್ಷದಿಂದ ನಾನೇ ಅದಕ್ಕೆ ಚಪ್ಪಾಳೆ ಹೊಡೆಸ್ತಿದ್ದೆ," ಎಂದರು. "ಒಂದಿನವೂ ಪಕ್ಕಕ್ಕೆ ಕೂತು ಓದಿಸ್ಲಿಲ್ಲ." ಕಣ್ಣು ತುಂಬಿತ್ತು. ಈಗೇನು ಮಾಡುತ್ತೀರಿ ಎಂದು ಕೇಳಿದೆ. "ಎಂತ ಮಾಡೂದೋ ನಂಗೂ ತಿಳೀತಿಲ್ಲ. ನೀವು ಇವತ್ತು ಉಳೀರಿ." ನಾನು ಬಸ್ಸು ಬಿಟ್ಟು ಅವರ ಮನೆಯಲ್ಲೇ ಉಳಿದೆ. ಬಂಗಡೆ ಸಾರು ಬಡಿಸಿದರು. ಇಬ್ಬರಿಗೂ ಊಟ ಸೇರಲಿಲ್ಲ.

ಬೆಳಿಗ್ಗೆ ತರಗತಿಯಲ್ಲಿ ನಾಗವೇಣಿ, "ಮಾನಸಾ, ನಿನ್ನೆ ಹೇಳಿದ ಆನೆ ಕತೆ ಮತ್ತೆ ಹೇಳು. ಇವತ್ತು ಅದ್ನ ನಾ ಬರೀತೆ," ಎಂದರು. ಮಾನಸಾ ಒಂದು ಸಲ ನನ್ನತ್ತ ನೋಡಿದಳು. ಯಾರು ಹೇಳಿರಬಹುದೆಂದು ಅವಳಿಗೆ ತಿಳಿದುಹೋಗಿತ್ತು. ನಾನು ನೆಲ ನೋಡಿದೆ. ಅವಳು ಮೊದಲು ತಡೆದು ತಡೆದು, ಆಮೇಲೆ ಎಂದಿನಂತೆ ವಾಲುತ್ತ ಹೇಳಿದಳು. ಅವಳ ಮಾತು ಹಾಗೆಯೇ ಹಲಗೆಯ ಮೇಲೆ ಮೂಡಿತು.

"ಇನ್ನು ಓದು," ಎಂದರು ಅಕ್ಕೋರು.

ತನ್ನದೇ ಮಾತಾದ್ದರಿಂದ ಮುಂದೇನು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಒಂದೊಂದೇ ಪದ ಹಿಡಿದು ಎರಡು ಸಾಲು ದಾಟಿದಳು.

ಹತ್ತೂವರೆಗೆ ಚೀಲ ಹೆಗಲಿಗೇರಿಸಿ ಅವಳ ಬಳಿ ಹೋದೆ. "ಸಿಟ್ಟು ಬಂದದ ಏನವಾ?"

"ನೀವು ಹೂಂ ಅಂದಿದ್ರಿ," ಎಂದಳು. ಅಷ್ಟೇ.

ಗೇಟು ದಾಟುವಾಗ ಅವಳ ದನಿ ಕೇಳಿಸಿತು. "ಅಕ್ಕೋರೇ, ಇದು ಎಂತ ಒತ್ತು?" ಎಲ್ಲರೆದುರು, ಗಟ್ಟಿಯಾಗಿ ಕೇಳುತ್ತಿದ್ದಳು. ತಿರುಗಿ ನೋಡಿದೆ. ಕಿಟಕಿಯಿಂದ ನನ್ನನ್ನು ಕಂಡವಳು ಮುಖವನ್ನು ಹಲಗೆಯ ಕಡೆ ತಿರುಗಿಸಿಕೊಂಡಳು.